ಜಿಪ್ ಫೈಲಿನೊಳಗೆ ಅಜ್ಜಿಯ ದನಿ

"ನಮ್ಮಜ್ಜಿ ಹಾಡೆಲ್ಲ ನನಗೆ ಬೇಕು. ಇವತ್ತೇ!"

ಬಾಗಿಲಲ್ಲಿ ನಿಂತವಳನ್ನು ಕಂಡು ಜಯರಾಮು ಕೈಯಲ್ಲಿದ್ದ ಹಾಳೆಯನ್ನು ಹಾಗೇ ಹಿಡಿದು ನಿಂತುಬಿಟ್ಟ. ಮಧುಗಿರಿ ಬಸ್ ನಿಲ್ದಾಣದ ಹಿಂದಿನ ಅವನ ಪುಟ್ಟ ಕಂಪ್ಯೂಟರ್ ಅಂಗಡಿಗೆ ರಾಧಾಮಣಿ ಕಾಲಿಟ್ಟು ತಿಂಗಳುಗಳೇ ಕಳೆದಿದ್ದವು.

"ಮಣಿ... ಯಾವಾಗ್ ಬಂದೆ? ಕುಂತ್ಕೋ."

"ಕೂರಕ್ಕೆ ಬಂದಿಲ್ಲ. ವೆಬ್‌ಸೈಟ್ ನಿಮ್ಮ ಖಾತೇಲಿದೆ. ಸೈಟ್ ಇಡಕ್ಕೆ ನಾನು ಬೇರೆ ಹೋಸ್ಟಿಂಗ್ ಜಾಗ ತಗೊಂಡಿದೀನಿ. ಎಲ್ಲಾ ಫೈಲು ಜಿಪ್ ಮಾಡಿ ಅದಕ್ಕೆ ಹಾಕ್ಕೊಡಿ."

ನಿಮ್ಮ ಖಾತೆಯಂತೆ! ಮದುವೆಯ ಮಾತು ಎರಡೂ ಮನೆಗಳಲ್ಲಿ ನಡೆದಿದ್ದ ಹುಡುಗಿಯ ಬಾಯಲ್ಲಿ ಈಗ ಬಹುವಚನ. ಬೈದಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಆ ಸೈಟು ಇಬ್ಬರೂ ಸೇರಿ ಕಟ್ಟಿದ್ದು. ರಾಧಾಮಣಿಯ ಅಜ್ಜಿ ಕರಿಯಕ್ಕ ಬಡವನಹಳ್ಳಿಯ ಸುತ್ತ ಕುರಿ ಕಾಯುತ್ತ ಕಲಿತ ಪದಗಳನ್ನು, ರಾಗಿ ಬೀಸುತ್ತ ಹೇಳಿಕೊಂಡ ಪದಗಳನ್ನು ಭಾನುವಾರವೆಲ್ಲ ಕುಳಿತು ಜಯರಾಮುವಿನ ಫೋನಿನಲ್ಲಿ ಹಿಡಿದು ಅದಕ್ಕೆ ಹಾಕಿದ್ದರು. ಅಜ್ಜಿ ತೀರಿಕೊಂಡ ದಿನ, ಕೊನೆಯದಾಗಿ ಅವಳ ಪದವನ್ನೇ ಕೇಳಿಸೋಣವೆಂದು ರಾಧಾಮಣಿ ಹೆಣದ ಪಕ್ಕ ಕುಳಿತು ಸೈಟು ತೆರೆದರೆ... ಬರೀ ಬಿಳಿ ಪುಟ! ಜಯರಾಮುವಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮಣ್ಣಿಗೂ ಬರಲಿಲ್ಲ. ಸಂಜೆಯ ಹೊತ್ತಿಗೆ ಅವಳು ಅವನ ನಂಬರನ್ನೇ ಬ್ಲಾಕ್ ಮಾಡಿದ್ದಳು.

ಜಯರಾಮು ಕಂಪ್ಯೂಟರಿನ ಮುಂದೆ ಕುಳಿತ. ನೂರಾರು ಫೈಲುಗಳನ್ನು ಒಂದೊಂದಾಗಿ ಸಾಗಿಸುವ ಬದಲು ಎಲ್ಲವನ್ನೂ ಒತ್ತಿ ಒಂದೇ ಗಂಟು ಕಟ್ಟುವುದು, ಆ ಗಂಟನ್ನು ಹೊಸ ಖಾತೆಗೆ ಸಾಗಿಸುವುದು, ಅಲ್ಲಿ ಬಿಚ್ಚುವುದು. ಇಷ್ಟೇ ಕೆಲಸ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಬೆಟ್ಟದ ನೆರಳು ಬೀದಿಗಿಳಿಯುವ ಹೊತ್ತಿಗೆ ಗಂಟು ಹೊಸ ಖಾತೆ ಸೇರಿತು.

"ಹಳೇದನ್ನ ಈಗ್ಲೇ ಅಳಿಸಿ," ಎಂದಳು.

"ಅಂಗೆಲ್ಲ ಅಳಿಸ್ಬಾರ್ದು ಮಣಿ. ಹೊಸದ್ರಲ್ಲಿ ಬಿಚ್ಚಿ, ಎಲ್ಲಾ ಐತಾ ಅಂತ ನೋಡೋಗಂಟ ಇರ್ಲಿ."

"ನಮ್ಮಜ್ಜಿ ಮಣ್ಣಿಗೆ ಬರದವ್ರ ಹತ್ರ ನಮ್ಮಜ್ಜಿ ದನಿ ಒಂದು ಗಳಿಗೇನೂ ಇರಬಾರ್ದು!"

ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಐ.ಡಿ.ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಪಹಣಿ ತೆಗೆದುಕೊಡಪ್ಪಾ ಎಂದು ಕರೆದರು. ಅವನು ಎದ್ದು ಇನ್ನೊಂದು ಕಂಪ್ಯೂಟರಿನತ್ತ ಹೋದ. ರಾಧಾಮಣಿ ಮೌಸನ್ನು ಎಳೆದುಕೊಂಡಳು. ಎಲ್ಲವನ್ನೂ ಆರಿಸಿದಳು. ನಿಜವಾಗಿಯೂ ಅಳಿಸಬೇಕೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದಳು.

ಕೋಪದಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ?

ಹಿಂತಿರುಗಿ ಬಂದ ಜಯರಾಮು ಪರದೆ ನೋಡಿ ಸಣ್ಣಗೆ "ಅಯ್ಯೋ..." ಎಂದ. ಗಡಿಬಿಡಿಯಲ್ಲಿ ಹೊಸ ಖಾತೆಯ ಗಂಟು ಬಿಚ್ಚಿದ. ಒಂದಷ್ಟು ಚಿತ್ರಗಳು ಬಂದವು, ಪುಟಗಳು ಬಂದವು. ಆಮೇಲೆ ಕೆಂಪಕ್ಷರ ಮೂಡಿತು. ಫೈಲ್ ಪೂರ್ತಿ ಇಲ್ಲ! ಹಳೆಯ ಖಾತೆಯಲ್ಲಿ ಜಾಗ ಸಾಲದೆ ಗಂಟು ಅರ್ಧಕ್ಕೇ ನಿಂತಿತ್ತು. ಹಾಡುಗಳ ಫೋಲ್ಡರ್ ಅದರೊಳಗೆ ಸೇರಿಯೇ ಇರಲಿಲ್ಲ.

"ಹಾಡು... ಹಾಡೆಲ್ಲಿ?" ಅವಳು ಪರದೆಯತ್ತ ಬಾಗಿದಳು.

ಅವನು ಹೋಸ್ಟಿಂಗಿನವರಿಗೆ ಫೋನು ಮಾಡಿದ, ಬೇಡಿಕೊಂಡ. ಅಗ್ಗದ ಖಾತೆಗೆ ಅವರು ನಕಲು ಇಡುವುದಿಲ್ಲವಂತೆ. ಹೋಯಿತು!

ರಾಧಾಮಣಿ ಸ್ಟೂಲಿನ ಮೇಲೆ ಕುಸಿದಳು. 'ಅಜ್ಜಿ ಸತ್ತಾಗ ದನಿಯಾದರೂ ಉಳಿಯಿತು ಅಂದುಕೊಂಡಿದ್ದೆ. ಅದನ್ನು ನನ್ನ ಕೈಯಾರೆ ಮಣ್ಣು ಮಾಡಿದೆನಲ್ಲ...' ಎಷ್ಟು ಹೊತ್ತು ಅತ್ತಳೋ. ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಅದೇ ಅವಳಿಗೆ ತಡೆಯದಾಯಿತು.

"ನನ್ನ ಬಯ್ಯಾದ್ರೂ ಬಯ್ಯಿ! ಅವತ್ತು ಯಾಕೆ ಬರ್ಲಿಲ್ಲ ಅಂತಾದ್ರೂ ಹೇಳು!"

ಅವನು ನೆಲ ನೋಡುತ್ತ ಹೇಳಿದ. "ಹೊರಟಿದ್ದೆ ಕಣೆ. ಹೊರಡೋ ಮುಂಚೆ ಅಜ್ಜಿ ಪದ ಒಂದ್ಸಲ ಕೇಳಣ ಅಂತ ಸೈಟ್ ತೆಗೆದೆ. ನಿಂತೋಗಿತ್ತು. ಸುದ್ದಿ ತಿಳ್ದು ಶಿರಾ, ಕೊರಟಗೆರೆ, ಪಾವಗಡದ ನೆಂಟ್ರೆಲ್ಲ ಒಂದೇ ಸಲ ಕೇಳಕ್ಕೆ ಕುಂತವ್ರೆ. ತಿಂಗಳಿಗೆ ಇಷ್ಟೇ ಕೇಳ್ಬೋದು ಅಂತ ಹೋಸ್ಟಿಂಗಿನೋರು ಇಟ್ಟಿದ್ದ ಮಿತಿ ಮುಗ್ದೋಗಿತ್ತು. ನೀನು ಕೇಳ್ತಿರ್ತೀಯ ಅಂತ ಗೊತ್ತಿತ್ತು. ಸರಿ ಮಾಡಿ ಓಡೋಗಣ ಅಂತ ಇಲ್ಲೇ ಕುಂತೆ. ಹೋಸ್ಟಿಂಗಿನೋರ ಲೈನಲ್ಲೇ ಇದ್ದೆ, ನಿನ್ ಫೋನ್ ಎತ್ತಕ್ಕಾಗ್ಲಿಲ್ಲ. ಸೈಟ್ ಎದ್ದಾಗ ಸಂಜೆ. ಅಷ್ಟೊತ್ಗೆ ಮಣ್ಣಾಗಿತ್ತು."

"ಆಮೇಲಾದ್ರೂ ಹೇಳ್ಬೋದಿತ್ತಲ್ಲ ಜಯಾ!"

"ಹೆಂಗೆ? ನೀನು ಬ್ಲಾಕ್ ಮಾಡ್ಬುಟ್ಟಿದ್ದೆ. ತಿಥಿ ದಿನ ಬಡವನಹಳ್ಳಿ ಸ್ಟಾಪ್ ಗಂಟ ಬಂದೆ. ಮಣ್ಣಿಗೆ ಬರ್ದೋನು ಊಟಕ್ಕೆ ಬಂದ ಅಂತ ನಾಲ್ಕ್ ಜನ ಅಂತಾರೆ ಅನ್ಸಿ, ವಾಪಸ್ ಬಸ್ ಹತ್ತಿದೆ."

ರಾಧಾಮಣಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬಿಳಿ ಪುಟ ಕಂಡು ಅವನನ್ನು ಶಪಿಸಿದ್ದಳು. ಆ ಪುಟ ಬಿಳಿಯಾದದ್ದೇ ಮೂರು ತಾಲ್ಲೂಕಿನ ಜನ ಒಟ್ಟಿಗೆ ಅಜ್ಜಿಯನ್ನು ಕೇಳಿದ್ದಕ್ಕೆ!

ಜಯರಾಮು ಅನುಮಾನಿಸುತ್ತಲೇ ಜೇಬಿನಿಂದ ಫೋನು ತೆಗೆದ.

"ಒಂದಷ್ಟು ಐತೆ. ಎಲ್ಲಾ ಇಲ್ಲ." ಅವನ ಕಿವಿ ಕೆಂಪಾಗಿತ್ತು. "ಸೈಟಿಗೆ ಹಾಕೋವಾಗ ಮಧ್ಯದಲ್ಲಿ ನೀನಾಡಿದ ಮಾತೆಲ್ಲ ಕತ್ತರಿಸ್ತಿದ್ದೆ. ಕತ್ತರಿಸೋಕೆ ಮುಂಚಿನವು ಇವು. ಫೋನಲ್ಲಿ ಜಾಗ ಸಾಲ್ದೆ ಮಿಕ್ಕಿದ್ದೆಲ್ಲ ಅಳಿಸ್ದೆ, ನಿನ್ ದನಿ ಇರೋವು ಮಾತ್ರ ಇಟ್ಕೊಂಡಿದ್ದೆ... ದಿನಾ ಕೇಳ್ತೀನಿ."

ಒತ್ತಿದ. ಬೀಸುವ ಕಲ್ಲಿನ ಸದ್ದು ಬಂತು, ಹಿಂದೆಯೇ ಕರಿಯಕ್ಕನ ಒಡಕು ದನಿ. ನಡುವೆ ನಗುತ್ತ ರಾಧಾಮಣಿಯದೇ ಮಾತು. "ಅಜ್ಜಿ, ಆ ಸಾಲು ಇನ್ನೊಂದ್ಸಲ!" ಅಜ್ಜಿ ಗದರಿದಳು. "ಸುಮ್ಕಿರಲೇ, ಪದ ಮರ್ತೋಯ್ತದೆ!"

ರಾಧಾಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕುರಿ ಕಾಯುತ್ತ ಅಜ್ಜಿ ಕಲಿತಿದ್ದ ಆ ದೊಡ್ಡ ಪದ ಇದರಲ್ಲಿರಲಿಲ್ಲ. ಅದನ್ನು ಅಜ್ಜಿ ಹೇಳುವಾಗ ಅವಳು ಉಸಿರೆತ್ತದೆ ಕೇಳಿದ್ದಳು. ಅದು ಇನ್ನೆಂದಿಗೂ ಸಿಗುವುದಿಲ್ಲ.

"ಹಾಡಿನ ಮಧ್ಯೆ ಎಷ್ಟೊಂದು ಮಾತಾಡ್ತಿದ್ದೆ ನಾನು..." ಎಂದಳು ಕಣ್ಣೊರೆಸಿಕೊಳ್ಳುತ್ತ.

"ಇನ್ನೂ ಮಾತಾಡ್ಬೇಕಿತ್ತು ಮಣಿ ನೀನು."

ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಾತಾಡ್ತೀನಿ ಜಯಾ. ಇನ್ಮೇಲೆ ಮಾತಾಡ್ತೀನಿ."