ಒಂದೊಂದು ಸೌಟು ಸುಣ್ಣ

ಪುನರ್ವಸು ಹಿಡಿದಾಗಿನಿಂದ ಶಿಡ್ಲಘಟ್ಟದ ಸೀಮೆಯಲ್ಲಿ ಬಿಸಿಲು ಬಿದ್ದಿರಲಿಲ್ಲ. ಮಳೆಯೆಂದರೆ ಮಳೆಯೂ ಅಲ್ಲ, ಕೆರೆಗೆ ನಾಲ್ಕು ಕೊಡ ನೀರು ತಾರದ ಸೋನೆ. ಬಿಳಿಗುಂಡ್ಲಹಳ್ಳಿಯ ಅಮರಾವತಮ್ಮನ ಶೆಡ್ಡಿನಲ್ಲಿ ಬೆಳಗಿನ ಕೆಲಸ ಮಾತ್ರ ನಿಂತಿರಲಿಲ್ಲ. ಅವಳು ಬಾಣಲೆಯ ಕೆಳಗಿದ್ದ ದಪ್ಪ ತಗಡಿನ ಡಬ್ಬಕ್ಕೆ ಸಣ್ಣ ನಲ್ಲಿಯಿಂದ ಹನಿಹನಿಯಾಗಿ ನೀರು ಬಿಟ್ಟಳು. ಡಬ್ಬ ಒಳಗೊಳಗೇ ಗೊರಗುಟ್ಟಿತು. ಬೆಂಕಿಯಿಲ್ಲ, ಹೊಗೆಯಿಲ್ಲ, ಸ್ವಲ್ಪ ಹೊತ್ತಿಗೆ ಬಾಣಲೆಯ ನೀರು ಮರಳತೊಡಗಿತು. ರೇಷ್ಮೆಗೂಡುಗಳನ್ನು ಅದಕ್ಕೆ ಸುರಿದು, ಕಡ್ಡಿಯಲ್ಲಿ ಆಡಿಸಿ, ಎಳೆಗಳ ತುದಿ ಹಿಡಿದು ರಾಟೆಗೆ ಏರಿಸಿದಳು.

ಡಬ್ಬದಲ್ಲಿ ಇದ್ದದ್ದು ಸುಣ್ಣ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿಯುತ್ತದೆ ಎನ್ನುವುದು ಗೋಡೆಗೆ ಸುಣ್ಣ ಬಳಿದವರಿಗೆಲ್ಲ ಗೊತ್ತಿದ್ದ ಸಂಗತಿ. ಅರಳಿದ ಸುಣ್ಣವನ್ನು ಮತ್ತೆ ಕಾಯಿಸಿ ನೀರನ್ನು ಹೊರಡಿಸಿದರೆ ಅದು ಮೊದಲಿನ ಕಲ್ಲೇ ಆಗುತ್ತದೆ, ಕಾಯಿಸಿದ ಕಾವು ಅದರಲ್ಲಿ ಅಡಗಿ ಕೂರುತ್ತದೆ, ನೀರು ತಗುಲುವವರೆಗೆ ವರ್ಷಗಟ್ಟಲೆ ಆರುವುದಿಲ್ಲ. ಹೀಗೆ ನಾಲ್ಕು ಸಲ ಮಾಡುವಷ್ಟರಲ್ಲಿ ಸುಣ್ಣ ಪುಡಿಯಾಗಿ ಹೋಗುತ್ತಿತ್ತು. ಸಾವಿರ ಸಲ ಅರಳಿಸಿ ಒಣಗಿಸಿದರೂ ಸತ್ವ ಕೆಡದ ಹಾಗೆ ಅದಕ್ಕೆ ಒಂದು ಬಗೆಯ ಜೇಡಿಮಣ್ಣನ್ನು ಬೆರೆಸುವುದನ್ನು ಕಂಡುಹಿಡಿದವರು ಡಾಕ್ಟರ್ ಪೂರ್ವಿಕಾ. ಊರಾಚೆಯ ದಿಬ್ಬದ ಮೇಲೆ ನೂರಾರು ಕನ್ನಡಿಗಳು ಬಿಸಿಲನ್ನು ಒಂದು ಗೋಪುರದ ತಲೆಗೆ ಒಟ್ಟುಗೂಡಿಸುತ್ತಿದ್ದವು. ನೀರು ಕುಡಿದ ಡಬ್ಬಗಳು ಅಲ್ಲಿಗೆ ಹೋಗಿ, ಒಣಗಿ, ಹಿಂದಕ್ಕೆ ಬರುತ್ತಿದ್ದವು. ಗೋಪುರ ಬಂದ ಮೇಲೆ ಮನೆಮನೆಯ ಒಲೆಗೂ ಇದೇ ಡಬ್ಬ ಬಂತು, ಊರಿಗೆ ಗ್ಯಾಸ್ ನಿಂತಿತು. ರಾಜ್ಯದಲ್ಲಿ ಸಿಲಿಂಡರಿಗೂ ಪೈಪಿನ ಗ್ಯಾಸಿಗೂ ನಿಷೇಧ ಬಿದ್ದು ಈಗ ಕೆಲವು ವರ್ಷವಾಗಿತ್ತು.

ಅಮರಾವತಮ್ಮನಿಗೆ ಅದರಿಂದ ಬೇಸರವೇನೂ ಆಗಿರಲಿಲ್ಲ. ಸೌದೆಯ ಕಾಲದಲ್ಲಿ ಈ ಶೆಡ್ಡಿನ ಹೊಗೆ ಕುಡಿದೇ ಅವಳ ಗಂಡನ ಎದೆ ಕಟ್ಟಿದ್ದು. ಆಮೇಲೆ ಬಂದ ಗ್ಯಾಸು ಹೊಗೆ ಕಳೆಯಿತು, ದಿನಕ್ಕೊಂದು ದರವನ್ನು ತಂದಿತು. ಸುಣ್ಣ ಎರಡನ್ನೂ ಕಳೆಯಿತು.

ಆದರೆ ಇವತ್ತು ಅವಳ ಕಣ್ಣು ಬಾಣಲೆಯ ಮೇಲಿರಲಿಲ್ಲ, ಗೋಡೆಯ ಪಕ್ಕದ ತಟ್ಟೆಗಳ ಮೇಲಿತ್ತು. ಗೂಡಿನ ಮಾರುಕಟ್ಟೆಯ ದಾರಿ ಸೋನೆಗೆ ಕೆಸರಾಗಿ ಲಾರಿಗಳು ಹೂತುಕೊಳ್ಳುತ್ತಿದ್ದುದರಿಂದ ಊರಿನ ಅಷ್ಟೂ ಬೆಳೆಗಾರರ ಗೂಡು ಅವಳ ಶೆಡ್ಡಿಗೇ ಬಂದು ಬಿದ್ದಿತ್ತು. ಗೂಡಿನೊಳಗಿನ ಹುಳ ಚಿಟ್ಟೆಯಾಗುವ ಮುಂಚೆ ಉಗಿ ಕೊಟ್ಟು ಕೊಲ್ಲಬೇಕು. ಇಲ್ಲವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಆಚೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಸಿಗುವುದಿಲ್ಲ. ಊರಿನ ಒಂದು ಬೆಳೆಯೂ ಶೆಡ್ಡಿನ ಹೆಂಗಸರ ಮೂರು ತಿಂಗಳ ಕೆಲಸವೂ ಮಣ್ಣುಪಾಲು. ಅವಳು ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಳು. ನಾಳೆ ಬೆಳಗಿನವರೆಗೂ ತಡೆಯಬಹುದು, ಆಮೇಲಿಲ್ಲ.

ಶೆಡ್ಡಿನ ಡಬ್ಬಗಳು ಮುಗಿಯುತ್ತ ಬಂದಿದ್ದವು. ಮೋಡದ ಕೆಳಗೆ ಗೋಪುರ ತಣ್ಣಗೆ ನಿಂತಿತ್ತು, ಕರೆಂಟು ಆಸ್ಪತ್ರೆಗೂ ಕುಡಿಯುವ ನೀರಿಗೂ ಬಿಟ್ಟರೆ ಇನ್ನೊಂದಕ್ಕೆ ಸಾಲುತ್ತಿರಲಿಲ್ಲ. ಇಂಥ ದಿನಕ್ಕೆಂದೇ ಊರ ಉಗ್ರಾಣದಲ್ಲಿ ಮಳೆಗಾಲದ ಡಬ್ಬಗಳನ್ನು ಸಾಲಾಗಿ ಪೇರಿಸಿಟ್ಟಿತ್ತು. ಅದನ್ನು ತೆರೆಯುವುದನ್ನು ಕಣ್ಣಾರೆ ನೋಡಬೇಕೆಂದು ಪೂರ್ವಿಕಾ ಬೆಂಗಳೂರಿನಿಂದ ಬಂದಿಳಿದರು. ನಲವತ್ತರ ಆಸುಪಾಸಿನ, ಮಾತಿನ ನಡುವೆ ಕನ್ನಡಕ ಒರೆಸಿಕೊಳ್ಳುವ ಹೆಂಗಸು.

“ಹೆದರ್ಕೋಬೇಡಿ ಅಮರಾವತಮ್ಮ, ಹದಿನೈದು ದಿನ ಮೋಡ ಮುಚ್ಚಿದ್ರೂ ಸಾಲೋಷ್ಟು ಇಟ್ಟಿದ್ದೀವಿ,” ಎಂದರು.

“ನಾನು ಹೆದರ್ದೆ ಇದ್ರೂ ಹುಳ ಕಾಯ್ಬೇಕಲ್ಲ ಮೇಡಂ. ಬೇಗ ನಡೀರಿ.”

ಉಗ್ರಾಣದ ಕೀಲಿ ಬೆಳೆಗಾರರ ಕೈಲಿ ಇರುತ್ತಿತ್ತು. ಅವರ ಮುಂದಾಳು ಕದಿರಪ್ಪ ಬೀಗ ತೆಗೆದ. ತೆಗೆದವನೇ ಒಳಗೆ ಬಾರದೆ ಬಾಗಿಲ ಆಚೆಗೆ ಸರಿದು ನಿಂತ. ಮೊದಲ ಡಬ್ಬಕ್ಕೆ ಅಮರಾವತಮ್ಮ ನೀರು ಬಿಟ್ಟಳು. ಸದ್ದಿಲ್ಲ. ಇನ್ನಷ್ಟು ಬಿಟ್ಟು ಅಂಗೈ ಇಟ್ಟು ನೋಡಿದಳು. ತಗಡು ತಣ್ಣಗಿತ್ತು. ಎರಡನೆಯದೂ ಹಾಗೇ. ಹಿಂದಿನ ಸಾಲಿನದು, ಮೂಲೆಯದು, ಎಲ್ಲಕ್ಕಿಂತ ಕೆಳಗಿನದು, ಯಾವುದೂ ಗೊರಗುಟ್ಟಲಿಲ್ಲ.

ಪೂರ್ವಿಕಾ ಒಂದು ಡಬ್ಬದ ಮುಚ್ಚಳ ತಿರುಗಿಸಿದರು. ಅದು ಬಿಗಿಯಿಲ್ಲದೆ ಬಂದಿತು. ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಕೊಂಡರು. “ಯಾರ ಮನೇಲಾದ್ರೂ ಒಂದು ನಿಂಬೆಹಣ್ಣು ತರ್ತೀರಾ?”

ನಿಂಬೆರಸ ಬಿದ್ದ ಕಡೆ ಬಿಳಿಯ ಪುಡಿ ನೊರೆನೊರೆಯಾಗಿ ಉಕ್ಕಿತು.

“ಸುಣ್ಣಕ್ಕೆ ಹೀಗೆ ನೊರೆ ಬರೋದಿಲ್ಲ. ಇದು ಸೀಮೆಸುಣ್ಣ. ಒಳಗೆ ಗಾಳಿ ಹೋಗಿದೆ. ಗಾಳೀಲಿರೋ ತೇವಕ್ಕೆ ಮೊದಲು ಅರಳಿದೆ, ಆಮೇಲೆ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸತ್ತುಹೋಗಿದೆ. ಇದನ್ನ ನಮ್ಮ ಗೋಪುರ ಬದುಕಿಸೋಕಾಗಲ್ಲ, ಅಷ್ಟು ಕಾವು ಅದಕ್ಕಿಲ್ಲ. ಮುಚ್ಚಳ ಯಾರು ತೆಗೆದ್ರು?”

ಬಾಗಿಲಲ್ಲಿ ನೆರೆದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕದಿರಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

“ನಾವೇ ತೆಗೆದಿದ್ದು ಮೇಡಮ್ಮ. ಹೋದ ಕಾರ್ತೀಕದಾಗೆ. ಹುಳ ಜ್ವರಕ್ಕೆ ಕುಂತಿದ್ವು.”

ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಆಗ ಹಾಸಿಗೆ ಒದ್ದೆಯಿದ್ದರೆ ರೋಗ ತಗುಲುತ್ತದೆ. ಅದಕ್ಕೆ ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಅಜ್ಜಂದಿರ ಕಾಲದಿಂದ ನಡೆದು ಬಂದ ಕೆಲಸ.

“ಅಂಗಡೀಲಿ ಸುಣ್ಣ ಸಿಗಲ್ವಾ?”

“ಎಲ್ಲಿಂದ ಸಿಗ್ತದೆ? ಗ್ಯಾಸ್ ಮುಚ್ಚಿದ ವರ್ಷಾನೇ ಸುಣ್ಣ ಸುಡೋ ಗೂಡೂ ಮುಚ್ಚಿಸಿದ್ರು, ಸುಟ್ರೆ ಹೊಗೆ ಬತ್ತದೆ ಅಂತ. ಎಲೆ ಅಡಿಕೆಗೇ ಸುಣ್ಣ ಇಲ್ದೆ ನಮ್ಮಜ್ಜಿ ಬರೀ ಎಲೆ ಅಗೀತಾ ಅವ್ಳೆ. ಇಲ್ಲಿ ನೋಡುದ್ರೆ ಡಬ್ಬ ತುಂಬಾ ಸುಣ್ಣ ಸುಮ್ನೆ ಕುಂತೈತೆ.”

“ಮನೆ ಒಲೇದು ತಗೊಳ್ಳದೆ ಊರಿನ ಡಬ್ಬಕ್ಕೇ ಕೈ ಹಾಕಿದ್ಯಾ?” ಎಂದಳು ಅಮರಾವತಮ್ಮ.

“ಮನೇದು ಮುಟ್ಟಿದ್ರೆ ಹೆಂಗಸ್ರು ನಮ್ಮನ್ನೇ ಒಲೆಗೆ ಇಕ್ತಾರಕ್ಕ. ಕಳ್ಳತನ ಮಾಡ್ಲಿಲ್ಲ ನಾವು. ಒಬ್ರ ಪಾಲು ಬರಿದಾಗಬಾರ್ದು ಅಂತ ಒಂದೊಂದು ಡಬ್ಬದಿಂದ ಒಂದೊಂದೇ ಸೌಟು ತಗೊಂಡು ಮುಚ್ಚಿಟ್ವಿ. ತೂಕ ಹಾಕಿ ನೋಡ್ರಿ ಬೇಕಾದ್ರೆ. ಯಾರಿಗೂ ಮೋಸ ಆಗಿಲ್ಲ.”

ಪೂರ್ವಿಕಾ ಅಲ್ಲೇ ಇದ್ದ ಡಬ್ಬದ ಮೇಲೆ ಕುಳಿತುಬಿಟ್ಟರು. “ಅಯ್ಯೋ, ಹತ್ತು ಡಬ್ಬ ಪೂರ್ತಿ ಬಳಿದುಕೊಂಡಿದ್ರೆ ಹತ್ತೇ ಹೋಗ್ತಿದ್ವು. ಒಂದೊಂದು ಸೌಟಿಗೆ ಎಲ್ಲಾ ಹೋದ್ವಲ್ಲ ಅಣ್ಣ.”

ಕದಿರಪ್ಪನಿಗೆ ಅದು ಹೊಳೆದದ್ದು ಆಗಲೇ. ಹಂಚಿಕೊಂಡದ್ದೇ ತಪ್ಪಾಯಿತು ಎನ್ನುವ ಲೆಕ್ಕ ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಾಚಿಕೆ ಕ್ಷಣದಲ್ಲಿ ಸಿಟ್ಟಿಗೆ ತಿರುಗಿತು.

“ಗ್ಯಾಸ್ ಇದ್ದಿದ್ರೆ ಈ ಗೋಳೇ ಇರ್ತಿರ್ಲಿಲ್ಲ ಬಿಡಿ. ಮೋಡ ಇರ್ಲಿ, ಬಿಸಿಲಿರ್ಲಿ, ಕಿವಿ ತಿರುಗಿಸಿದ್ರೆ ಉರೀತಿತ್ತು.”

“ಬೇಸಿಗೇಲಿ ಹುಳ ತಟ್ಟೇಲೇ ಬೆಂದು ಸಾಯ್ತಿದ್ದದ್ದು ಮರೆತ್ರಾ?” ಎಂದರು ಪೂರ್ವಿಕಾ. “ವರ್ಷಕ್ಕೆರಡು ಬೆಳೆ ಬಿಸಿಲಿಗೇ ಹೋಗ್ತಿತ್ತು. ಆ ಸೆಕೆ ಏರಿದ್ದೇ ಇಂಥದ್ದನ್ನೆಲ್ಲ ಉರಿಸಿ ಉರಿಸಿ.”

“ನಮ್ಮೂರಿನ ನಾಕು ಸಿಲಿಂಡರಿಂದ ಲೋಕಕ್ಕೆ ಸೆಕೆ ಆಯ್ತಾ? ನಿಮ್ಮ ಡಬ್ಬದ ಸುಣ್ಣಾನ ಮೊದಲು ಸುಟ್ಟಿದ್ದು ಯಾವುದ್ರಾಗೆ, ಹೇಳಿ ನೋಡನ.”

ಆಕೆ ಕನ್ನಡಕ ತೆಗೆದು ಒರೆಸಿದರು. “ಗ್ಯಾಸಿನಲ್ಲೇ. ಕಾರ್ಖಾನೆಗೆ ಮಾತ್ರ ಅನುಮತಿ ಇದೆ. ಒಂದು ಸಲ ಸುಟ್ಟರೆ ಇಪ್ಪತ್ತು ವರ್ಷ ಬರುತ್ತೆ ಅನ್ನೋ ಲೆಕ್ಕದ ಮೇಲೆ.”

“ಅಂಗಾದ್ರೆ ನಿಮ್ಮ ಕೈಲಿದ್ರೆ ಒಳ್ಳೇ ಗ್ಯಾಸು, ನಮ್ಮ ಕೈಲಿದ್ರೆ ಕೆಟ್ಟದ್ದು.”

ಅಮರಾವತಮ್ಮ ನಡುವೆ ಬಂದಳು. “ನಿಮ್ಮಿಬ್ರ ವಾದ ಮುಗಿಯೋಷ್ಟ್ರಲ್ಲಿ ಚಿಟ್ಟೆ ಬಂದು ಮೊಟ್ಟೆ ಇಕ್ಕಿರ್ತದೆ. ಮೇಡಂ, ತೀರಾ ಕಷ್ಟಕ್ಕೆ ಅಂತ ತಾಲ್ಲೂಕಿನಲ್ಲಿ ಒಂದು ಗ್ಯಾಸ್ ಟ್ಯಾಂಕ್ ಇಟ್ಟಿದ್ದಾರಲ್ಲ, ತರಿಸಿ. ಸಣ್ಣ ಗಾಡಿಯಾದ್ರೆ ಕೆರೆ ಏರಿ ಮೇಲೆ ಬತ್ತದೆ. ಗೋಪುರ ಬೇಡ ಅಂತಿಲ್ಲ ನಾನು. ಎರಡೂ ಇರ್ಲಿ, ಬಿಸಿಲಿದ್ದಾಗ ಅದು, ಇಲ್ಲದಾಗ ಇದು.”

ಗ್ಯಾಸಿನ ಗಾಡಿ ಈ ಊರಿಗೆ ಬಂತೆಂದರೆ ನಾಳೆ ಎಲ್ಲರೂ ಅದನ್ನೇ ತೋರಿಸಿ ಸುಣ್ಣದ ಒಲೆ ಸೋತಿತು ಎನ್ನುತ್ತಾರೆಂಬುದು ಪೂರ್ವಿಕಾಗೆ ಗೊತ್ತಿತ್ತು. ಆದರೂ ಫೋನು ತೆಗೆದು ತಾಲ್ಲೂಕು ಕಚೇರಿಗೆ ಮಾತಾಡಿದರು. ಮಾತು ಉದ್ದವಾಗಲಿಲ್ಲ.

“ಗೋಪುರ ಇರೋ ಊರುಗಳಿಗೆ ಟ್ಯಾಂಕ್ ಬೇಕಿಲ್ಲ ಅಂತ ಹೋದ ವರ್ಷವೇ ತೆಗೆಸಿಬಿಟ್ಟಿದ್ದಾರಂತೆ.”

“ಯಾರು ಹೇಳಿದ್ರಂತೆ ಬೇಕಿಲ್ಲ ಅಂತ?”

“ನಾನೇ. ಉಗ್ರಾಣದಲ್ಲಿರೋದು ಯಾವ ಮಳೆಗಾಲಕ್ಕೂ ಸಾಕು ಅಂತ ನಾನೇ ಬರೆದಿದ್ದೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತೇನೋ. ಹೊರಗೆ ಸೋನೆ ಹಿಡಿದಂತೆಯೇ ಇತ್ತು. ಹಿಪ್ಪುನೇರಳೆಯ ಕಡ್ಡಿಗಳಾದರೂ ಉರಿದಾವೆಂದು ಒಬ್ಬ ಒಂದು ಕಟ್ಟು ತಂದು ನೋಡಿದ. ನೆಂದ ಕಡ್ಡಿ ಬುಸುಗುಟ್ಟಿ ಆರಿತು.

ಅಮರಾವತಮ್ಮ ಸೆರಗು ಸಿಕ್ಕಿಸಿಕೊಂಡಳು. “ಕದಿರಣ್ಣ, ಮನೆ ಮನೆ ಒಲೇಲಿ ಇನ್ನೂ ಬಿಗಿ ಒಡೀದ ಡಬ್ಬ ಐತಲ್ಲ. ಅದನ್ನ ಕೇಳನ ನಡಿ.”

“ಅಡುಗೆಗಕ್ಕ?”

“ಹುರಿಹಿಟ್ಟು ಕಲಸ್ಕೊಂಡು ತಿನ್ರಿ ಎರಡು ದಿನ. ಸಾಯಲ್ಲ. ಬಾಣಂತಿ ಇರೋ ಮನೇದು ಮಾತ್ರ ಮುಟ್ಟಬ್ಯಾಡಿ.”

ಮೊದಲು ಕದಿರಪ್ಪನ ಹೆಂಡತಿಯೇ ಡಬ್ಬ ಕಳಚಿ ಹೊತ್ತು ತಂದಳು. “ಇಷ್ಟು ದಿನ ಮುಟ್ಟಬ್ಯಾಡ ಅಂತ ಕಾದಿದ್ದು ಇದಕ್ಕೇನಾ,” ಎಂದು ಗಂಡನನ್ನು ಬೈಯುತ್ತಲೇ ಶೆಡ್ಡಿನಲ್ಲಿಟ್ಟಳು. ಉಳಿದವರು ಹಿಂದೆ ಬಂದರು. ಕೆಲವು ಮನೆಗಳ ಬಾಗಿಲು ತೆರೆಯಲಿಲ್ಲ. ಅಮರಾವತಮ್ಮ ಎರಡನೆಯ ಸಲ ತಟ್ಟಲಿಲ್ಲ. ಬಾಣಲೆಗಳು ಒಂದೊಂದಾಗಿ ಮರಳಿದವು, ಉಗಿಗೆ ಇಟ್ಟ ಗೂಡಿನ ಬುಟ್ಟಿಗಳ ಮೇಲೆ ಒದ್ದೆ ಗೋಣಿ ಬಿತ್ತು. ಪೂರ್ವಿಕಾ ತೋಳು ಮಡಚಿ ಬುಟ್ಟಿ ಎತ್ತಿ ಇಳಿಸಿದರು. ಕೈಗೆ ಉಗಿ ತಾಗಿ ಬೊಬ್ಬೆಯೆದ್ದರೂ ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಕೊನೆಯ ಡಬ್ಬ ತಣ್ಣಗಾಯಿತು. ಗೂಡು ಅರ್ಧ ಮುಗಿದಿತ್ತು.

ಬೆಳಗ್ಗೆ ಶೆಡ್ಡಿನ ಬಾಗಿಲು ತೆರೆದಾಗ ಒಣಗಿದ ಎಲೆ ಸರಿದ ಹಾಗೆ ಸದ್ದು. ಉಳಿದ ತಟ್ಟೆಗಳಲ್ಲಿ ಗೂಡಿನ ತುದಿತುದಿಯೂ ನೆನೆದು ಕಂದಾಗಿತ್ತು. ಅಲ್ಲಿಂದ ಬಿಳಿಯ ಚಿಟ್ಟೆಗಳು ತಲೆ ತೂರಿಸಿ, ಒದ್ದೆ ರೆಕ್ಕೆ ಬಡಿಯುತ್ತ ಒಂದರ ಮೇಲೊಂದು ಹತ್ತುತ್ತಿದ್ದವು. ರೇಷ್ಮೆಯ ಚಿಟ್ಟೆಗೆ ಹಾರಲು ಬರುವುದಿಲ್ಲ. ಆಯಸ್ಸಿಡೀ ಗೂಡಿನ ಜೊತೆ ಕಳೆದ ಹೆಂಗಸರು ಅಷ್ಟೊಂದು ಚಿಟ್ಟೆಗಳನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು. ಒಬ್ಬಳು ಸುಮ್ಮನೆ ಅತ್ತಳು.

ಪೂರ್ವಿಕಾ ಹೊರಡುವಾಗ ಅಮರಾವತಮ್ಮನ ಕೈ ಹಿಡಿದುಕೊಂಡರು. “ಹುಳದ ಹಾಸಿಗೆಗೆ ಅಂತಲೇ ಬೇರೆ ಸುಣ್ಣ ಕಳಿಸ್ತೀನಿ. ಅದು ನನ್ನ ಮೇಲಿರೋ ಋಣ.”

“ಕಳಿಸಿ ಮೇಡಂ. ಜ್ವರದ ಹೊತ್ತಿಗೆ ಬರ್ಲಿ.”

ಬಿಸಿಲು ಬಂದಿತು, ಗೋಪುರ ಬೆಳಗಿತು. ಬೆಳೆಗಾರರು ತಾವಾಗಿಯೇ ಉಗ್ರಾಣದ ಕೀಲಿಯನ್ನು ಅಮರಾವತಮ್ಮನಿಗೆ ಒಪ್ಪಿಸಿದರು. ದಸರೆಯ ವೇಳೆಗೆ ಕಾರ್ಖಾನೆಯಿಂದ ಹೊಸ ಡಬ್ಬಗಳು ಬಂದವು. ತಂದವನು ಅವುಗಳ ವಿಶೇಷವನ್ನು ವಿವರಿಸಿದ: ಮುಚ್ಚಳಕ್ಕೆ ಉಕ್ಕಿನ ಪಟ್ಟಿ, ಪಟ್ಟಿಗೆ ಬೀಗ, ಒಡೆದರೆ ಜಿಲ್ಲಾ ಕಚೇರಿಗೆ ತಾನಾಗಿ ಸುದ್ದಿ ಮುಟ್ಟಿಸುವ ಯಂತ್ರ. ಹುಳಕ್ಕೆ ಸುಣ್ಣ ಬಂದಿದೆಯೇ ಎಂದು ಅವಳು ಕೇಳಿದಳು. ಅದು ತಮ್ಮ ಇಲಾಖೆಗೆ ಸೇರಿದ್ದಲ್ಲ ಎಂದ. ಪೂರ್ವಿಕಾ ಮೂರು ಸಲ ಫೋನು ಮಾಡಿದ್ದರು. ಸುಣ್ಣ ಸುಡುವ ಗೂಡಿಗೆ ಅನುಮತಿ ಯಾರು ಕೊಡಬೇಕೆಂಬುದೇ ಯಾರಿಗೂ ತಿಳಿಯುತ್ತಿಲ್ಲವಂತೆ. ಸುಣ್ಣವನ್ನು ಸುಡುವುದು ನಿಲ್ಲಲಿ ಎಂದು ಸರ್ಕಾರದವರು ಬರೆದ ದಿನ, ಅದನ್ನು ಇನ್ನು ಯಾರು ಯಾರು ಯಾವುದಕ್ಕೆ ಬಳಸುತ್ತಾರೆ ಎಂದು ಒಂದು ಊರಿನ ಜಗಲಿಯಲ್ಲಿ ಕೂತು ಕೇಳಿದ್ದರೆ ಸಾಕಿತ್ತು. ಕೇಳುವುದಕ್ಕೆ ಆಗ ಬೇಕಾದಷ್ಟು ಸಮಯವಿತ್ತು. ಆಗಿನ್ನೂ ಮನೆಮನೆಯಲ್ಲೂ ಸಿಲಿಂಡರು ಉರಿಯುತ್ತಿತ್ತು, ಗ್ಯಾಸು ಬೇಕು ಎನ್ನುವವರೂ ಬೇಡ ಎನ್ನುವವರೂ ಟೀವಿಯಲ್ಲಿ ದಿನಾ ಸಂಜೆ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು.

ಕಾರ್ತೀಕದ ಥಂಡಿ ಶುರುವಾಯಿತು. ಒಂದು ಬೆಳಗ್ಗೆ ಕದಿರಪ್ಪ ಉಗ್ರಾಣದ ಮುಂದೆ ಬಂದು ನಿಂತ.

“ಜ್ವರಕ್ಕೆ ಕುಂತವಾ?” ಎಂದಳು ಅಮರಾವತಮ್ಮ.

“ಮೂರನೇದು ಅಕ್ಕ. ಹಾಸಿಗೆಲ್ಲ ತೇವ.”

ಅವಳು ಗೋಪುರದ ಕಡೆ ಒಮ್ಮೆ ನೋಡಿದಳು. ಒಳಗೆ ಹೋಗಿ ತುದಿಯ ಡಬ್ಬವನ್ನು ಉರುಳಿಸಿಕೊಂಡು ಬಂದು ಹಾರೆಯಿಂದ ಪಟ್ಟಿಯನ್ನು ಮೀಟಿದಳು. ಬೀಗ ಕಿರ್ರೆಂದು ಕಿತ್ತು ಬಂದಿತು. ಸುದ್ದಿ ಜಿಲ್ಲಾ ಕಚೇರಿಗೆ ಆಗಲೇ ಹೊರಟಿರಬೇಕು.

“ಸೌಟು ಗೀಟು ಬ್ಯಾಡ. ಪೂರ್ತಿ ಹೊತ್ಕೊಂಡು ಹೋಗು, ಎಲ್ಲಾರ್ಗೂ ಹಂಚು.”

“ಇದು ಯಾರ ಲೆಕ್ಕಕ್ಕಕ್ಕ?”

“ಕೊಡ್ತೀನಿ ಅಂದೋರ ಲೆಕ್ಕಕ್ಕೆ,” ಎಂದು ಅವಳು ಉಗ್ರಾಣದ ಬಾಗಿಲು ಎಳೆದುಕೊಂಡಳು.