ಸಿಂಕಿನಲ್ಲಿ ಲೂಸಿಯಾ ನಿಲುವಂಗಿ

"ಅಕ್ಕಾ, ಅಳಬೇಡ. ನಾಳೆ ಹಿಮ್ಮುಖವಾಗಿ ನಡೀ. ಬೆನ್ನ ಕಡೆ ಏನೂ ಆಗಿಲ್ಲ," ಎಂದ ತಮ್ಮ ಐವರ್.

ಹೆಡ್‌ವಿಗ್ ಅಳುತ್ತಿರಲಿಲ್ಲ. ಬಗ್ಗಿ ತನ್ನ ಮೈಯನ್ನೇ ನೋಡುತ್ತಿದ್ದಳು. ಬಿಳಿ ನಿಲುವಂಗಿಯ ಮೇಲೆ ಎದೆಯಿಂದ ಮೊಣಕಾಲಿನವರೆಗೆ ಬ್ಲೂಬೆರಿ ಹಣ್ಣಿನ ಸೂಪು ನೇರಳೆ ಬಣ್ಣವಾಗಿ ಇಳಿಯುತ್ತಿತ್ತು. ಬಟ್ಟಲು ಇನ್ನೂ ನೆಲದ ಮೇಲೆ ಗಿರ್ರನೆ ತಿರುಗುತ್ತಿತ್ತು.

ನಿಲುವಂಗಿ ಅವಳದಲ್ಲ, ಶಾಲೆಯದು. ನಾಳೆ ಲೂಸಿಯಾ ಹಬ್ಬ. ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು, ಹಾಡು ಹೇಳುತ್ತಾ ಸಾಲಾಗಿ ಬರಬೇಕು. ಎಲ್ಲರಿಗಿಂತ ಮುಂದೆ ಲೂಸಿಯಾ ಆದ ಹುಡುಗಿ, ಅವಳ ತಲೆಯ ಮೇಲೆ ದೀಪದ ಕಿರೀಟ. ಈ ಸಲ ಚೀಟಿ ಎತ್ತಿದಾಗ ಹೆಡ್‌ವಿಗ್ ಹೆಸರೇ ಬಂದುಬಿಟ್ಟಿತ್ತು.

ತರಗತಿಗೆ ತರಗತಿಯೇ ಗೊಳ್ಳೆಂದು ನಕ್ಕಿತ್ತು. ಯಾಕೆಂದರೆ ಅಲ್ಲಿ ಅವಳ ಹೆಸರು ಚೆಲ್ಲಾಪಿಲ್ಲಿ ಹೆಡ್‌ವಿಗ್. ಹಾಲು ಚೆಲ್ಲುವವಳು ಅವಳು, ಪೇಂಟಿನ ನೀರು ಉರುಳಿಸುವವಳೂ ಅವಳೇ. ಆ ನಗು ಕೇಳಿದ ದಿನದಿಂದ ಅವಳ ಹೊಟ್ಟೆಯಲ್ಲಿ ಒಂದು ಹೆದರಿಕೆ ಕೂತಿತ್ತು. ನಿಲುವಂಗಿಯ ಚೀಲ ಕೊಡುವಾಗ ಟೀಚರು, ಇದನ್ನು ನಾಳೆಯೇ ತೆಗೆ ಎಂದು ಹೇಳಿಯೇ ಕೊಟ್ಟಿದ್ದರು. ಆದರೆ ಅಂಥ ಚೀಲ ಮನೆಯಲ್ಲಿದ್ದರೆ ತೆಗೆಯದೆ ಇರಲಾಗುತ್ತದೆಯೇ? ನೀವೇ ಹೇಳಿ. ಕನ್ನಡಿಯಲ್ಲಿ ಒಂದೇ ಒಂದು ಸಲ ನೋಡಿಕೊಳ್ಳೋಣವೆಂದು ಹಾಕಿಕೊಂಡಳು. ಆಮೇಲೆ ಹಸಿವಾಯಿತು.

ಅಮ್ಮ ಉಪ್ಸಾಲಾ ಊರಿನ ಇನ್ನೊಂದು ತುದಿಯಲ್ಲಿ ಬಸ್ಸು ಓಡಿಸುತ್ತಿದ್ದಳು. ಡ್ಯೂಟಿ ಮುಗಿಯುವವರೆಗೆ ಫೋನ್ ಎತ್ತುವ ಹಾಗಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ವಾಷಿಂಗ್ ಮೆಷಿನ್ ಕೋಣೆಯೇನೋ ಇದೆ. ಆದರೆ ಅಲ್ಲಿ ಒಂದೊಂದು ಮನೆಗೆ ಒಂದೊಂದು ಹೊತ್ತು. ಗೋಡೆಯ ವೇಳಾಪಟ್ಟಿ ಹಲಗೆಯಲ್ಲಿ ಯಾವ ಹೊತ್ತಿಗೆ ಯಾರ ಬೀಗ ಸಿಕ್ಕಿಸಿದೆಯೋ ಆ ಹೊತ್ತು ಅವರದು. ಇವತ್ತು ಸಂಜೆ ಬೀಗ ಇದ್ದದ್ದು ಮೂರನೇ ಮಹಡಿಯ ಗುನ್ವೋರ್ ಅವರದು.

ಅಯ್ಯೋ, ಗುನ್ವೋರ್! ಮೆಷಿನ್ನಿನಲ್ಲಿ ಒಂದು ನೂಲೆಳೆ ಉಳಿದಿದ್ದರೂ ಕಂಡುಹಿಡಿದು, ಇದು ಯಾರದು ಎಂದು ಬಾಗಿಲಿಗೆ ಚೀಟಿ ಅಂಟಿಸುವವರು. ಅವರ ಹೊತ್ತಿನಲ್ಲಿ ಅಲ್ಲಿಗೆ ಕಾಲಿಡಲು ದೊಡ್ಡವರೇ ಹೆದರುತ್ತಿದ್ದರು.

ಹೆಡ್‌ವಿಗ್ ನಿಲುವಂಗಿ ಬಿಚ್ಚಿ ಅಡುಗೆಮನೆಯ ಸಿಂಕಿಗೆ ಹಾಕಿದಳು. ಕಲೆಯ ತುಂಬಾ ಸಾಬೂನು ಹಚ್ಚಿ ಉಜ್ಜಿದಳು. ಉಜ್ಜಿದಷ್ಟೂ ನೇರಳೆ ಬಣ್ಣ ನೀಲಿಯಾಯಿತು. ಇನ್ನಷ್ಟು ಸಾಬೂನು ಹಚ್ಚಿದಳು. ನೀಲಿಯ ಅಂಚು ಹಸಿರಾಯಿತು.

"ಈಗ ಪಾಚಿ ಥರ ಇದೆ," ಎಂದ ಐವರ್. ಅವನಿಗೆ ಆರು ವರ್ಷ, ಕಂಡದ್ದನ್ನು ಕಂಡ ಹಾಗೇ ಹೇಳುವ ವಯಸ್ಸು.

ಬಿಸಿ ನೀರು ಸುರಿದರೆ ಹೋದೀತು ಎಂದುಕೊಂಡು ಅವಳು ಕೆಟಲ್ ಸ್ವಿಚ್ ಒತ್ತಿದಳು. ಅದರಲ್ಲಿ ಆಗಲೇ ನೀರಿತ್ತು. ಬೆಚ್ಚಗಾಗುತ್ತಲೇ ತಂದು ಕಲೆಯ ಮೇಲೆ ಸುರಿದಳು. ಘಾಟು ಮೂಗಿಗೆ ಅಡರಿತು. ಆ ಊರಿನ ನೀರು ಕಾಯಿಸಿ ಕಾಯಿಸಿ ಕೆಟಲ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಅದು ಬಿಡಲಿ ಎಂದು ಅಮ್ಮ ವಿನೆಗರ್ ಹಾಕಿಟ್ಟು ಹೋಗಿದ್ದಳು.

ನೀಲಿ ಕಲೆ ನೋಡನೋಡುತ್ತಲೇ ಕೆಂಪಾಯಿತು.

ಸತ್ತೆ, ಇದಿನ್ನು ಮುಗಿದೇ ಹೋಯಿತು ಎಂದುಕೊಂಡಳು ಹೆಡ್‌ವಿಗ್. ನಲ್ಲಿ ತಿರುಗಿಸಿ, ಸಿಟ್ಟಿನಲ್ಲಿ ಬಟ್ಟೆಯನ್ನು ಅದರ ಕೆಳಗೆ ತಳ್ಳಿದಳು. ಆಗ ಕಣ್ಣಿಗೆ ಬಿತ್ತು. ಸಾಬೂನು ಹಚ್ಚಿದಾಗ ಬಣ್ಣ ಬಟ್ಟೆಯನ್ನು ಬಿಟ್ಟು ಅಲುಗಿರಲಿಲ್ಲ. ಈಗ ಸಿಂಕಿನಲ್ಲಿ ಹರಿದು ಹೋಗುತ್ತಿದ್ದ ನೀರು ಗುಲಾಬಿಯಾಗಿತ್ತು.

ಅವಳು ಅಲ್ಲಾಡದೆ ನಿಂತು ನೋಡಿದಳು. ನೀರು ಗುಲಾಬಿಯೇ. ಅಂದರೆ ಕಲೆ ಹೋಗುತ್ತಿದೆ!

"ಐವರ್, ಸ್ಟೂಲ್ ಎಳ್ಕೊಂಡು ಬಾ. ಈ ಕಡೆ ಬಿಗಿಯಾಗಿ ಹಿಡ್ಕೋ. ಬಿಟ್ಟೆ ಅಂದ್ರೆ ನೋಡು."

ಕಪಾಟಿನಿಂದ ವಿನೆಗರ್ ಬಾಟಲಿ ಬಂತು. ಒಂದು ಸಲ ವಿನೆಗರ್, ಆಮೇಲೆ ನಲ್ಲಿಯ ಬಿಸಿ ನೀರು, ಬೆರಳ ಗೆಣ್ಣುಗಳ ನಡುವೆ ಉಜ್ಜುವುದು, ಮತ್ತೆ ವಿನೆಗರ್. ತೋಳು ನೋಯತೊಡಗಿತು, ಕೈ ಕೆಂಪಾಯಿತು. ಐವರ್ ಸುದ್ದಿ ಓದುವವನ ಹಾಗೆ ಹೇಳುತ್ತಲೇ ಇದ್ದ. ಕೆಂಪು, ಈಗ ಗುಲಾಬಿ, ಈಗ ಸ್ವಲ್ಪ ಗುಲಾಬಿ. ಬಾಟಲಿಯ ತಳ ಕಂಡಾಗ, ಫ್ರಿಜ್ಜಿನಲ್ಲಿರುವ ಮೀನಿನ ಉಪ್ಪಿನಕಾಯಿಯ ರಸವೂ ಹುಳಿಯೇ ಅಲ್ಲವಾ ಎಂದು ಕೇಳಿದ. ಮೀನು ನಾರುವ ಲೂಸಿಯಾಳನ್ನು ನೆನೆದು ಹೆಡ್‌ವಿಗ್‌ಗೆ ನಗು ತಡೆಯಲಾಗಲಿಲ್ಲ. ವಿನೆಗರಿನ ಕೊನೆಯ ಹನಿಗಳನ್ನು ಬಸಿದು ಬಸಿದು ಹಾಕಿದಳು.

"ಈಗ?"

ಐವರ್ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. "ಈಗ ಬರೀ ಒದ್ದೆ."

ಆದರೆ ಅಷ್ಟು ದಪ್ಪ ಬಟ್ಟೆ ಬೆಳಗಾಗುವುದರೊಳಗೆ ಒಣಗಬೇಕಲ್ಲ. ಟವೆಲ್ಲಿನಲ್ಲಿ ಸುತ್ತಿ ಅದರ ಮೇಲೆ ಇಬ್ಬರೂ ಕೂತರೂ ನೀರು ತೊಟ್ಟಿಕ್ಕುತ್ತಲೇ ಇತ್ತು. ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಬೀರು ಇರುವುದು ನೆಲಮಾಳಿಗೆಯಲ್ಲಿ ಮಾತ್ರ. ಹೆಡ್‌ವಿಗ್ ನಿಲುವಂಗಿಯನ್ನು ಎರಡೂ ಕೈಯಲ್ಲಿ ಹೊತ್ತು ಮೆಟ್ಟಿಲಿಳಿದಳು. ಐವರ್ ಅವಳ ಹಿಂದೆ ಅಡಗಿಕೊಂಡು ಬಂದ.

"ಇದು ನನ್ನ ಹೊತ್ತು," ಎಂದರು ಗುನ್ವೋರ್, ತಿರುಗಿ ಕೂಡ ನೋಡದೆ.

ಗೊತ್ತು ಎಂದಳು ಹೆಡ್‌ವಿಗ್. ಆಮೇಲೆ ನಾಳೆಯ ಹಬ್ಬ, ಶಾಲೆಯ ನಿಲುವಂಗಿ, ಚೆಲ್ಲಿದ ಸೂಪು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಬ್ಲೂಬೆರಿನಾ? ಬ್ಲೂಬೆರಿ ಕಲೆ ಹೋಗಲ್ಲ ಹುಡುಗಿ. ತಾ ಇಲ್ಲಿ."

ಗುನ್ವೋರ್ ಕನ್ನಡಕ ಹಾಕಿಕೊಂಡರು. ನಿಲುವಂಗಿಯನ್ನು ದೀಪದ ಕೆಳಗೆ ಹಿಡಿದು ಎದೆಯ ಭಾಗ ನೋಡಿದರು, ಮಡಿಕೆ ನೋಡಿದರು, ಹೊಲಿಗೆ ನೋಡಿದರು. ಒಳಮೈ ಹೊರಗೆ ಮಾಡಿ ಮತ್ತೆ ಮೊದಲಿಂದ ನೋಡಿದರು.

"ಎಲ್ಲಿ ಕಲೆ?" ಎಂದು ಕೇಳಿದರು ಗುನ್ವೋರ್.

"ಇಲ್ಲೇ ಇತ್ತು. ಇಲ್ಲಿಂದ ಇಲ್ಲಿವರೆಗೂ."

ಗುನ್ವೋರ್ ಇನ್ನೊಂದು ಸಲ ನೋಡಿದರು. ಆಮೇಲೆ ಬೀರುವಿನ ಬಾಗಿಲು ತೆರೆದು, ಇನ್ನೂ ಹಸಿಯಾಗಿದ್ದ ತಮ್ಮ ಹಾಸಿಗೆ ಬಟ್ಟೆಗಳನ್ನೆಲ್ಲ ಎಳೆದು ಬುಟ್ಟಿಗೆ ಹಾಕಿದರು. ನಿಲುವಂಗಿಯನ್ನು ನಟ್ಟನಡುವೆ ತೂಗುಹಾಕಿ ಸ್ವಿಚ್ ತಿರುಗಿಸಿದರು.

ಅಲ್ಲಿದ್ದ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಜಾಗ ತೋರಿಸಿದರು.

"ಕೂತ್ಕೋ. ನನ್ನ ಹಬ್ಬದ ಮೇಜುಬಟ್ಟೆಯಲ್ಲೂ ಇಂಥದ್ದೊಂದಿದೆ, ಎಷ್ಟು ವರ್ಷದಿಂದ ಒದ್ದಾಡ್ತಿದ್ದೀನಿ. ನೀನು ಹೇಗೆ ತೆಗ್ದೆ, ಹೇಳು."

ಹೆಡ್‌ವಿಗ್ ಹೇಳಿದಳು. ಸಾಬೂನಿನ ತಪ್ಪಿನಿಂದಲೇ ಶುರುಮಾಡಿದಳು. ನೀಲಿ ಕೆಂಪಾದ ಮಾತು ಬಂದಾಗ, ಇನ್ನೊಮ್ಮೆ ಹೇಳು ಎಂದರು ಗುನ್ವೋರ್. ಅಲ್ಲಿ ನಾನೂ ಇದ್ದೆ ಎಂದು ಐವರ್ ಸೇರಿಸಿದ.

ಬೀರು ಗುಂಯ್‌ಗುಡುತ್ತಿತ್ತು. ಹೇಳುತ್ತಾ ಹೇಳುತ್ತಾ ಹೆಡ್‌ವಿಗ್ ನಾಳೆ ಎಲ್ಲರ ಮುಂದೆ ನಡೆಯುವುದನ್ನು ನೆನೆದಳು. ಇಷ್ಟು ದಿನ ಹೊಟ್ಟೆಯಲ್ಲಿ ಕೂತಿದ್ದ ಆ ಹೆದರಿಕೆಯನ್ನು ಹುಡುಕಿದಳು. ಅದು ಎಲ್ಲೂ ಸಿಗಲಿಲ್ಲ.