ಬಲಕ್ಕೆ ಸುತ್ತುವ ಗ್ರಹಗಳು

ಹೊಸ ಮೇಷ್ಟ್ರು ಲಫಾಯೆಲೆಯ ಕಂಪ್ಯೂಟರಿನಲ್ಲಿ ಗ್ರಹಗಳೆಲ್ಲ ಉಲ್ಟಾ ಓಡುತ್ತಿದ್ದವು. ಬುಧ, ಶುಕ್ರ, ಭೂಮಿ, ಒಂದೂ ಬಿಡದೆ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ. ಪಠ್ಯಪುಸ್ತಕದಲ್ಲಿ ಅವು ಸುತ್ತುವುದು ಎಡಕ್ಕೆ. ತೆಲೆಸಿಯಾ ಅದನ್ನೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು.

ಅವನು ಪ್ರೊಜೆಕ್ಟರ್ ತರಲು ಹೋಗಿದ್ದ. ನಾಳೆ ಶನಿವಾರ ಇಡೀ ಊರು ಶಾಲೆಗೆ ಬರಲಿತ್ತು: ಪಾದ್ರಿಗಳು, ಹಿರಿಯರು, ಪ್ರಿನ್ಸಿಪಾಲ್ ತುವಾಲಾ. ಅವನು ಬರೆದ ಈ ಗ್ರಹಗಳ ಸಿಮ್ಯುಲೇಷನ್ ಅವರಿಗೆ ಹಿಡಿಸಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಈ ಸವಾಯಿ ದ್ವೀಪಕ್ಕೆ ಟಾಟಾ ಹೇಳಿ ಮತ್ತೆ ಆಕ್ಲೆಂಡಿಗೆ.

ಅವನು ಹೋದರೆ ಸ್ಟಾಫ್ ರೂಮಿನಲ್ಲಿ ಅವಳ ಕೊಕೊ ಕದ್ದು ಕುಡಿಯುವವರು ಯಾರು? ಕುಡಿದು, "ಮಿಸ್, ಇವತ್ತು ಸಿಹಿ ಕಮ್ಮಿ" ಅಂತ ದೂರು ಬೇರೆ ಹೇಳುವವರು ಯಾರು?

ಎಲ್ಲರೆದುರು ಅವನ ಮಾನ ಹೋಗಬಾರದು ಅಂದುಕೊಂಡಳು. ಪ್ರೋಗ್ರಾಂ ತೆರೆದು, ವೇಗದ ಸಾಲಿನಲ್ಲಿದ್ದ ಒಂದು ಮೈನಸ್ ಚಿಹ್ನೆ ಅಳಿಸಿದಳು. ಗ್ರಹಗಳು ವಿಧೇಯವಾಗಿ ಎಡಕ್ಕೆ ತಿರುಗಿದವು.

"ಏನ್ ಮಿಸ್, ನನ್ನ ಕುರ್ಚಿ ಬಿಸಿ ಮಾಡ್ತಿದೀರಾ?"

ಬಾಗಿಲಲ್ಲಿ ಲಫಾಯೆಲೆ. ನಗುವ ಮೊದಲು ಅವನ ಒಂದು ಹುಬ್ಬು ಏಳುತ್ತದೆ, ಆಮೇಲೆ ತುಟಿಯ ಅಂಚು. ಅಷ್ಟರಲ್ಲಿ ಎದುರಿಗಿರುವವಳ ಕಥೆ ಮುಗಿದಿರುತ್ತದೆ.

"ಧೂಳು ಒರೆಸ್ತಿದ್ದೆ," ಅಂದಳು ತೆಲೆಸಿಯಾ.

"ಕೈಯಲ್ಲಿ ಒರೆಸೋ ಬಟ್ಟೆನೂ ಇಲ್ಲ, ಬರೀ ಕಣ್ಣಲ್ಲೇ ಒರೆಸಿದ್ರಾ?"

ಅವಳು ಕೆಂಪಾಗಿ ಎದ್ದುಹೋದಳು.

ಮಧ್ಯಾಹ್ನ ಮಕ್ಕಳೆದುರು ರಿಹರ್ಸಲ್. ಲಫಾಯೆಲೆ ಹೆಮ್ಮೆಯಿಂದ ನೇರವಾಗಿ ಸಮುದ್ರದಂಡೆಯ ನೋಟ ತೆರೆದ. ನಮ್ಮೂರ ದಡದಲ್ಲಿ ನಿಂತರೆ ಮುಂದಿನ ಸಂಜೆಗಳಲ್ಲಿ ಶುಕ್ರ ಎಲ್ಲಿ ಕಾಣುತ್ತಾನೆ ಅಂತ ತೋರಿಸುವ ನೋಟ ಅದು. ಪರದೆಯಲ್ಲಿ ಶುಕ್ರ ಸಂಜೆಯಿಂದ ಸಂಜೆಗೆ ಕೆಳಕ್ಕೆ ಜಾರುತ್ತ ಹೋದ.

"ಸರ್, ಮುಳುಗ್ತಿದೆ!" ಒಬ್ಬ ಹುಡುಗಿ ಕೂಗಿದಳು. "ದಿನಾ ಮೇಲೆ ಹತ್ತುತ್ತಿದೆಯಲ್ಲ ಅದು!"

"ಆಕ್ಲೆಂಡಲ್ಲಿ ತಲೆ ಎತ್ತಿ ನೋಡೋಕೆ ಟೈಮೇ ಇರಲ್ಲ ಕಣೇ," ಅಂದಿತು ಹಿಂದಿನ ಬೆಂಚು. ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು.

ಲಫಾಯೆಲೆಯೂ ನಕ್ಕ, ಆದರೆ ಹುಬ್ಬು ಏಳಲಿಲ್ಲ. ಕಂಪ್ಯೂಟರ್ ಆರಿಸಿಬಿಟ್ಟ. ಗೋಡೆಯ ಪಕ್ಕ ನಿಂತು ನೋಡುತ್ತಿದ್ದ ತೆಲೆಸಿಯಾಳಿಗೆ ಆಗ ಹೊಳೆಯಿತು: ಆ ಮೈನಸ್‌ನಲ್ಲೇ ಏನೋ ಇತ್ತು.

ಮಕ್ಕಳು ಮನೆಗೆ ಹೋದ ಮೇಲೂ ಅವನು ಎಷ್ಟೋ ಹೊತ್ತು ಜಗಲಿಯಲ್ಲೇ ನಿಂತಿದ್ದ. ಹೊತ್ತು ಇಳಿಯುತ್ತಿತ್ತು.

"ಪ್ರಿನ್ಸಿಪಾಲರ ಮನೆಗೆ ಹೋಗ್ತೀನಿ," ಅಂದ, ಬಳಿಗೆ ಬಂದ ತೆಲೆಸಿಯಾಳಿಗೆ. "ನಾಳೆ ಏನೂ ಬೇಡ ಅಂತೀನಿ. ಆಕ್ಲೆಂಡ್ ಶಾಲೆಯವರು ಇನ್ನೂ ಕರೀತಿದ್ದಾರೆ. ಇಲ್ಲಿನ ಆಕಾಶ ಗೊತ್ತಿಲ್ಲದೋನು ಇಲ್ಲಿ ಏನು ಕಲಿಸಲಿ?"

ಮೆಟ್ಟಿಲಿಗೆ ಕಾಲಿಟ್ಟ. ಅಷ್ಟರಲ್ಲಿ ಶಂಖ ಮೊಳಗಿತು.

ಸಂಜೆಯ ಪ್ರಾರ್ಥನೆ. ಇನ್ನೊಮ್ಮೆ ಶಂಖ ಊದುವವರೆಗೆ ಯಾರೂ ರಸ್ತೆಗಿಳಿಯುವಂತಿಲ್ಲ. ಕಾವಲಿನ ಗಂಡಸರು ಆಗಲೇ ತಿರುವಿನಲ್ಲಿ ನಿಂತು ಇತ್ತಲೇ ನೋಡುತ್ತಿದ್ದರು. ಲಫಾಯೆಲೆ ಮೆಟ್ಟಿಲ ಮೇಲೆ ಕುಳಿತ. ನಡುವೆ ಊರು ಮೆಚ್ಚುವಷ್ಟು ಜಾಗ ಬಿಟ್ಟು ಅವಳೂ ಕುಳಿತಳು. ಮನೆಮನೆಗಳಿಂದ ಹಾಡು ಕೇಳಿಸತೊಡಗಿತು. ಹಾಡು ಮುಗಿಯುವುದರೊಳಗೆ ಹೇಳಿಬಿಡಬೇಕು.

"ನಾನೇ ಮಾಡಿದ್ದು," ಪಿಸುಗುಟ್ಟಿದಳು.

"ಏನನ್ನ?"

"ಗ್ರಹಗಳು ತಪ್ಪು ದಿಕ್ಕಲ್ಲಿ ತಿರುಗ್ತಿದ್ವು. ಮೈನಸ್ ತೆಗೆದುಬಿಟ್ಟೆ."

ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದ. ಪ್ರಾರ್ಥನೆಯ ಹೊತ್ತಲ್ಲಿ ನಗಬಾರದು, ಆದರೆ ಕುಲುಕುವ ಭುಜ ಕೇಳಬೇಕಲ್ಲ.

"ತಪ್ಪಲ್ಲ ಮಾರಾಯ್ತಿ! ಪುಸ್ತಕದೋರು ಉತ್ತರ ಧ್ರುವದ ಮೇಲಿಂದ ನೋಡ್ತಾರೆ. ನಾವು ದಕ್ಷಿಣದೋರು, ಅದಕ್ಕೆ ನಾನು ಈ ಕಡೆಯಿಂದ ನೋಡೋ ಹಾಗೆ ಬರೆದೆ. ಫ್ಯಾನು ಕೆಳಗಿಂದ ನೋಡಿದ್ರೆ ಒಂದು ಕಡೆ, ಮೇಲಿಂದ ನೋಡಿದ್ರೆ ಇನ್ನೊಂದು ಕಡೆ ತಿರುಗಲ್ವಾ?"

"ಅಂದ್ರೆ ನಾನು ಇಡೀ ಸೂರ್ಯಮಂಡಲಾನೇ ಹಿಂದಕ್ಕೆ ಓಡಿಸಿದ್ನಾ?"

"ಒಂದೇ ಬೆರಳಲ್ಲಿ. ಅದಕ್ಕೇ ಶುಕ್ರ ಮುಳುಗಿದ್ದು."

ಅವಳಿಗೂ ನಗು ಬಂತು. ತಿರುವಿನಿಂದ ಯಾರೋ ಕೆಮ್ಮಿದರು. ಇಬ್ಬರೂ ತಲೆ ತಗ್ಗಿಸಿದರು.

"ನನ್ನನ್ನೇ ಕೇಳಬಹುದಿತ್ತಲ್ಲ?" ಅಂದ ಅವನು, ಮೆಲ್ಲಗೆ.

"ಎಲ್ಲರೆದುರು ಅವಮಾನ ಆದ್ರೆ ನೀವು ಹೋಗಿಬಿಡ್ತೀರಿ ಅಂತ ಹೆದರಿದೆ."

"ಹೋದ್ರೆ ಯಾರಿಗೆ ನಷ್ಟ?"

ಅವನು ಅವಳನ್ನೇ ನೋಡುತ್ತಿದ್ದ. ನೋಟ ಎಷ್ಟು ಹತ್ತಿರವಿತ್ತೆಂದರೆ ಬಾಯಿಗೆ ಬಂದದ್ದು ಗಂಟಲಿಗೆ ವಾಪಸು ಹೋಯಿತು.

"ಶಾಲೆಗೆ," ಅಂದಳು.

"ಓ. ಶಾಲೆಗೆ."

ಎರಡನೆಯ ಶಂಖ ಮೊಳಗಿತು. ಅವನು ಎದ್ದ. "ನಾಳೆ ತೋರಿಸ್ತೀನಿ. ಇರೋದು ಬಿಡೋದು ಆಮೇಲೆ ನೋಡೋಣ." ಅವಳಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಮರುದಿನ ಚಾಪೆ ಹಾಸಿದ ಶಾಲೆಯ ಹಾಲ್ ಜನರಿಂದ ತುಂಬಿ ತುಳುಕಿತು. ಗ್ರಹಗಳು ಬಲಕ್ಕೆ ಸುತ್ತಿದವು, ಶುಕ್ರ ಸಮುದ್ರದ ಮೇಲೆ ಸಂಜೆ ಸಂಜೆಗೂ ಏರಿದ. ಹಿರಿಯರು ಚಪ್ಪಾಳೆ ತಟ್ಟಿ ಮೆಚ್ಚಿದರು. ಮುಂದಿನ ಸಾಲಲ್ಲಿ ತೆಲೆಸಿಯಾಳ ಅಮ್ಮ ಬೀಸಣಿಗೆ ಬೀಸುವುದನ್ನೇ ಮರೆತಿದ್ದರು.

"ಕೆಲಸ ಖಾಯಂ ಕಣಯ್ಯ!" ಅಂದರು ಪ್ರಿನ್ಸಿಪಾಲ್. "ಇರ್ತೀಯಲ್ಲ?"

ಲಫಾಯೆಲೆ ಮೌಸಿನ ವೈರು ಸುತ್ತುತ್ತ ನಿಂತ. "ಆಕ್ಲೆಂಡಿನವರೂ ಕಾಯ್ತಿದ್ದಾರೆ ಸರ್. ಯೋಚನೆ ಮಾಡಬೇಕು."

ಪ್ರಿನ್ಸಿಪಾಲರ ಮುಖ ಸಪ್ಪಗಾಯಿತು. ತೆಲೆಸಿಯಾ ಎದ್ದು ನಿಂತಳು.

"ಸರ್, ಅವರು ಹೋಗಬಾರದು."

"ಗೊತ್ತಮ್ಮ, ಶಾಲೆಗೆ ಇಂಥೋರು ಬೇಕು..."

"ಶಾಲೆಗಲ್ಲ ಸರ್. ನನಗೆ ಬೇಕು."

ಅಮ್ಮನ ಕೈಯಿಂದ ಬೀಸಣಿಗೆ ಬಿತ್ತು. ಮೊದಲು ನಕ್ಕವರು ಪಾದ್ರಿಗಳು, ಆಮೇಲೆ ಮಕ್ಕಳ ಕೇಕೆಗೆ ಸೂರು ಹಾರಿಹೋಗುವುದೊಂದು ಬಾಕಿ.

"ಜೋರಾಗಿ ಹೇಳಿ ಮಿಸ್," ಅಂದ ಲಫಾಯೆಲೆ, "ಹಿಂದಿನ ಬೆಂಚಿಗೆ ಕೇಳಿಸಲಿಲ್ಲ." ಅವನ ಕಣ್ಣಲ್ಲಿ ನೀರಾಡಿತ್ತು.

"ನಿಮಗೆ ಕೇಳಿಸಿತಾ?"

"ಕೇಳಿಸ್ತು." ಅವನು ಪ್ರಿನ್ಸಿಪಾಲರ ಕಡೆ ತಿರುಗಿದ. "ಇರ್ತೀನಿ ಸರ್."